ಕಿಟಕಿಯ ಮೇಲಿನ ಲೋಟ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿರುವ ವಿಜಯಪುರ ಕಡೆಯ ಕುಟುಂಬ. ಹನ್ನೆರಡು ವರ್ಷದ ಮಗಳನ್ನು ತಾಯಿ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದಿದ್ದರು. "ಅಜ್ಜಿ ಜೋಡಿ ಮಾತ ಬಿಟ್ಟಾಳ್ರೀ ಮೇಡಂ. ರಾತ್ರಿ ಎದ್ದು ಕೂಡ್ತಾಳ. ಸಾಲ್ಯಾಗ ಗುಲಾಮರ ಪಾಠ ಆದಾಗಿಂದ ಹಿಂಗ." ತಂದೆಗೆ ಶಾಲೆಯ ಮೇಲೆ ಸಿಟ್ಟು. ಇಷ್ಟು ಬೇಗ ಇದೆಲ್ಲ ಯಾಕೆ ಬೇಕಿತ್ತು?

ತರಗತಿಯಲ್ಲಿ ತೋರಿಸಿದ್ದು ಬ್ರೂಕ್ಸ್ ಎಂಬ ಹಡಗಿನ ನಕ್ಷೆ. 1788ರಲ್ಲಿ ಗುಲಾಮ ವ್ಯಾಪಾರದ ವಿರೋಧಿಗಳು ಅಚ್ಚು ಹಾಕಿಸಿದ್ದು. ಮನುಷ್ಯರನ್ನು ಸೌದೆ ಜೋಡಿಸಿದ ಹಾಗೆ ಮಲಗಿಸಿದ ಚಿತ್ರ. ಆಫ್ರಿಕಾದಿಂದ ಹೀಗೆ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಹುಡುಗಿ ಹೆದರಿದ್ದು ಇದಕ್ಕೇ ಎಂದು ಮೊದಲ ದಿನ ನಾನೂ ನಂಬಿದೆ.

ಎರಡನೇ ಸಲ ಬಂದಾಗ ಶಾಲೆಯ ಬ್ಯಾಗಿನಿಂದ ಒಂದು ಸ್ಟೀಲ್ ಲೋಟ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅಂಚು ನೆಗ್ಗಿತ್ತು. ಮನೆಗೆಲಸದ ಮಾವಶಿಗೆ ಅಜ್ಜಿ ಚಹಾ ಕೊಡುವ ಲೋಟ. ಅದರ ಜಾಗ ಅಡುಗೆಮನೆಯ ಕಿಟಕಿ, ಉಳಿದ ಪಾತ್ರೆಗಳ ಜೊತೆಗಲ್ಲ. ಪಾಠದ ಮರುದಿನವೇ ಬಚ್ಚಿಟ್ಟಿದ್ದಳು. ಲೋಟ ಕಾಣದೆ ಅಜ್ಜಿ ಬೈದದ್ದು ಮಾತ್ರ ಮಾವಶಿಯನ್ನು. ಇವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು, ಬಾಯಿ ಬಿಡಲಿಲ್ಲ.

"ನಾವು ಯಾರ ಕಡೆಯವ್ರು, ಆಂಟಿ?"

ತಾಯಿಯನ್ನೂ ಇದನ್ನೇ ಕೇಳಿದ್ದಳಂತೆ. "ಅದು ಅಮೆರಿಕಾದ್ದು, ನಮ್ಮದಲ್ಲ" ಎಂದು ಬಾಯಿ ಮುಚ್ಚಿಸಿದ್ದರು. ಪುಣೆಯಲ್ಲಿದ್ದು ಹೀಗೆ ಹೇಳಲಾಗುತ್ತದೆಯೇ? ಇದೇ ಊರಿನ ಜ್ಯೋತಿಬಾ ಫುಲೆ 1873ರಲ್ಲಿ ನಮ್ಮ ಜಾತಿಪದ್ಧತಿಯ ಬಗ್ಗೆಯೇ ‘ಗುಲಾಮಗಿರಿ’ ಎಂಬ ಪುಸ್ತಕ ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೇ ಅರ್ಪಿಸಿದ್ದರು. 1868ರಲ್ಲೇ ಅಸ್ಪೃಶ್ಯರೆನಿಸಿಕೊಂಡವರಿಗೆ ತಮ್ಮ ಮನೆಯ ನೀರಿನ ತೊಟ್ಟಿ ತೆರೆದಿದ್ದರು. "ಆಗಿನ ಕಾಲ ಹಂಗಿತ್ತು" ಅನ್ನುವ ನೆಪವೂ ಇಲ್ಲಿ ನಡೆಯದು. ಗಂಜ್ ಪೇಠಿನ ಆ ಮನೆಗೆ ಮಗಳನ್ನು ಕರೆದೊಯ್ಯಿರಿ, ಕೋಥ್ರೂಡಿನಿಂದ ರಿಕ್ಷಾದ ದಾರಿ ಎಂದೆ.

ತಂದೆಯ ಮಾತು ಅರ್ಧ ಸರಿ. ಹೆಣಗಳ ರಾಶಿಯ ಫೋಟೋ ಈ ವಯಸ್ಸಿಗೆ ಬೇಡ. ಒಬ್ಬರ ಬದುಕು ಹೇಳಿ, ಎದುರು ನಿಂತವರ ಕಥೆಯನ್ನೂ ಹೇಳಿ. ಆದರೆ ಲೋಟವನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದಾಳೆ, ಅದಕ್ಕೆ ಶಾಲೆ ಬೇಕಿರಲಿಲ್ಲ. ಒಂಬತ್ತನೇ ತರಗತಿಯ ಅಣ್ಣ ನಾಜಿಗಳ ಪಾಠ ಓದುತ್ತಿದ್ದಾನೆ. ಅವನಿಗೆ 60 ಲಕ್ಷ ಯಹೂದಿಗಳು ಸತ್ತರೆಂಬ ಲೆಕ್ಕ ಬಾಯಿಪಾಠ. ಪಟ್ಟಿ ಬರೆದ ಗುಮಾಸ್ತರು, ರೈಲು ಓಡಿಸಿದವರು ಮನೆಯಲ್ಲಿ ಏನು ಹೇಳಿ ಕೆಲಸಕ್ಕೆ ಹೋಗುತ್ತಿದ್ದರು ಎಂದು ಅವನನ್ನು ಕೇಳಿ ಅಂದೆ.

ಹುಡುಗಿಗೆ ಕೊಟ್ಟದ್ದು ಒಂದೇ ಕೆಲಸ: ಲೋಟ ತೆಗೆದದ್ದು ನಾನೇ ಎಂದು ಅಜ್ಜಿಗೂ ಮಾವಶಿಗೂ ಹೇಳುವುದು. ಭಾಷಣ ಬೇಡ, ಕ್ಷಮಿಸಿದೆ ಅನ್ನಲಿ ಎಂದು ಮಾವಶಿಯ ಮುಂದೆ ಕಾಯುವುದೂ ಬೇಡ. ತಾಯಿಗೆ, ನಾಳೆಯಿಂದ ಎಲ್ಲರ ಕಪ್ಪಿನಲ್ಲೇ ಮಾವಶಿಗೂ ಚಹಾ. ಎಪ್ಪತ್ತಾರರ ಅಜ್ಜಿಯನ್ನು ಕಟಕಟೆಗೆ ನಿಲ್ಲಿಸಬೇಡಿ, ಅವರಿಗಾಗಿ ಕಾಯಲೂ ಬೇಡಿ.

ಆರು ವಾರದ ಮೇಲೆ ತಾಯಿ ಬಂದರು. ಹುಡುಗಿ ನಿದ್ದೆ ಮಾಡುತ್ತಿದ್ದಾಳೆ, ಅಜ್ಜಿಯ ಜೊತೆ ಜಗಳವಾಡುವಷ್ಟು ಮಾತು ಶುರುವಾಗಿದೆ. ಅಜ್ಜಿ ಆ ಕಪ್ಪನ್ನು ಎರಡು ಸಲ ತೊಳೆಯುತ್ತಾರಂತೆ. ಮಾವಶಿ ಮಾತ್ರ ಹಳೇ ಲೋಟ ಕೇಳಿದ್ದಾಳೆ. ಕಪ್ಪಿನಲ್ಲಿ ಚಹಾ ಸಾಲುವುದಿಲ್ಲವಂತೆ.

"ಈಗೇನ್ ಮಾಡ್ಲಿ ಮೇಡಂ?"

ಮನೆಯವರೆಲ್ಲರಿಗೂ ದೊಡ್ಡ ಲೋಟ ತನ್ನಿ ಎಂದೆ.