ಹಾರ್ಮೋನಿಕ್ಸ್‌ನಲ್ಲಿ ಸರಿ, ಕಾರ್ಡ್‌ನಲ್ಲಿ ಯಾಕೆ ತಪ್ಪು?

5 ಮತ್ತು 7ನೇ ಫ್ರೆಟ್ (ಗಿಟಾರ್ ಕತ್ತಿನ ಅಡ್ಡಪಟ್ಟಿ) ಹಾರ್ಮೋನಿಕ್ಸ್, ಅಂದರೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ, ಕೇಳಿಕೊಂಡೇ ಗಿಟಾರ್ ಶ್ರುತಿ ಮಾಡಿದರೂ ಜಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಯಾಕೆ ಅಪಸ್ವರ ಅಂತ ಕೇಳಿದ್ದೀರಿ. ನಿಮ್ಮ ಕಿವಿ ಸರಿಯಾಗಿಯೇ ಇದೆ, ವಿಧಾನದಲ್ಲೇ ಐಬು. 7ನೇ ಫ್ರೆಟ್ ಹಾರ್ಮೋನಿಕ್ ಕೊಡುವುದು ಶುದ್ಧ ಪಂಚಮ. ಫ್ರೆಟ್ ಕೂರಿಸಿರುವ ಲೆಕ್ಕಕ್ಕಿಂತ ಅದು 2 ಸೆಂಟ್, ಅಂದರೆ ಅರ್ಧಸ್ವರದ 100ರಲ್ಲಿ 2 ಪಾಲು, ಜಾಸ್ತಿ. ಅದಕ್ಕೆ ಹೊಂದಿಸಲು ಪ್ರತಿ ಮುಂದಿನ ತಂತಿಯನ್ನೂ 2 ಸೆಂಟ್ ಇಳಿಸಿಬಿಡುತ್ತೀರಿ; ಆರನೇ (ಅತಿ ದಪ್ಪ) ತಂತಿಯಿಂದ ಶುರುಮಾಡಿದರೆ ಮೂರನೆಯದು ಸುಮಾರು 6 ಸೆಂಟ್ ಇಳಿದಿರುತ್ತದೆ.

ಬದಲಿಗೆ ಆರನೇ ತಂತಿಯ 12ನೇ ಫ್ರೆಟ್ ಹಾರ್ಮೋನಿಕ್‌ಗೆ ಐದನೆಯದರ 7ನೇ ಫ್ರೆಟ್, ನಾಲ್ಕನೆಯದರ 2ನೇ ಫ್ರೆಟ್ ಒತ್ತಿ ಹೊಂದಿಸಿ. ಆರನೇ ತಂತಿಯದೇ 5ನೇ ಫ್ರೆಟ್ ಹಾರ್ಮೋನಿಕ್‌ಗೆ ಮೂರನೆಯದರ 9, ಎರಡನೆಯದರ 5, ಮೊದಲನೆಯದು ಖಾಲಿ (ಫ್ರೆಟ್ ಒತ್ತದೆ). ಎರಡು ಸ್ವರ ಚೂರು ಬೇರೆಯಿದ್ದಾಗ ಕೇಳುವ 'ವಾಂವ್ ವಾಂವ್' ಅಲೆ ನಿಧಾನವಾಗುತ್ತಾ ನಿಲ್ಲಬೇಕು. ಯಾವಾಗಲೂ ಕೆಳಗಿನ ಸ್ವರದಿಂದ ಬಿಗಿ ಮಾಡುತ್ತಾ ಬನ್ನಿ, ಇಲ್ಲದಿದ್ದರೆ ತಂತಿ ಜಾರುತ್ತದೆ. ಪಿಯಾನೊ ಶ್ರುತಿ ಮಾಡುವವರಂತೂ ಪಂಚಮಗಳನ್ನು ಬೇಕಂತಲೇ ಚೂರು ಕಿರಿದು ಮಾಡಿ, ಆ ಅಲೆಯನ್ನು ಸ್ವಲ್ಪ ಉಳಿಸುತ್ತಾರೆ!