ಮನೆಯಲ್ಲಿ ಸ್ಪಿರಿಟ್ ಬಟ್ಟಿ ಇಳಿಸಲು ಹೊಸಬರು ಮೊದಲು ಯಾವ ಸಲಕರಣೆ ಕೊಳ್ಳಬೇಕು?

ಮೊದಲು ಕಾನೂನು ನೋಡಿಕೊಳ್ಳಿ. ಬಹಳಷ್ಟು ದೇಶಗಳಲ್ಲಿ ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು ಅಪರಾಧ. ನ್ಯೂಜಿಲೆಂಡ್‌ನಂಥ ಕೆಲವೆಡೆ ಮಾತ್ರ ಸ್ವಂತ ಬಳಕೆಗೆ ಅವಕಾಶವಿದೆ.

ಆ ತೊಡಕಿಲ್ಲವೆಂದಾದರೆ, ನಿಮಗೆ ಬೇಕಾದ ಪಾನೀಯವೇ ಆಯ್ಕೆಯನ್ನು ನಿರ್ಧರಿಸುತ್ತದೆ. ಹಣ್ಣು, ಧಾನ್ಯದ ಸ್ವಾದ ಉಳಿಯಬೇಕಾದ ಬ್ರಾಂದಿ, ವಿಸ್ಕಿಗೆ ಸರಳವಾದ ಪಾಟ್ ಸ್ಟಿಲ್ (ಕುದಿಸುವ ಪಾತ್ರೆ, ಆವಿ ತಣಿಸುವ ಕೊಳವೆ ಇಷ್ಟೇ ಇರುವ ಬಟ್ಟಿ) ಸಾಕು. ವೋಡ್ಕಾಕ್ಕೆ ರಿಫ್ಲಕ್ಸ್ ಕಾಲಮ್ ಬೇಕು. ಅದರೊಳಗೆ ಆವಿ ಪದೇ ಪದೇ ತಣಿದು, ಮತ್ತೆ ಆವಿಯಾಗಿ, ಮೇಲೇರಿದಷ್ಟೂ ತೀಕ್ಷ್ಣವಾಗುತ್ತದೆ. ಕಲಿಯುವವರಿಗೆ ಪಾಟ್ ಸ್ಟಿಲ್ಲೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಣ ಉಳಿಸುವ ಆಸೆಯನ್ನು ಲೋಹದ ವಿಷಯದಲ್ಲಿ ತೋರಿಸಬೇಡಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಾದರೂ ಆವಿಯ ಹಾದಿಯಲ್ಲಿ ತಾಮ್ರವಿರಲಿ. ಕೊಳೆತ ಮೊಟ್ಟೆಯಂತೆ ನಾರುವ ಗಂಧಕದ ಅಂಶವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಸೀಸದ ಬೆಸುಗೆ, ಪ್ಲಾಸ್ಟಿಕ್ ಕೊಳವೆ ಬೇಡವೇ ಬೇಡ. ಹಳೆಯ ಕಾರಿನ ರೇಡಿಯೇಟರನ್ನು ಆವಿ ತಣಿಸುವ ಕಂಡೆನ್ಸರ್ ಮಾಡಿಕೊಳ್ಳಿ ಎನ್ನುವ ಮಹಾನುಭಾವರೂ ಇದ್ದಾರೆ. ಅದರ ಬೆಸುಗೆಯ ಸೀಸ ನೇರವಾಗಿ ಲೋಟಕ್ಕೆ ಇಳಿಯುತ್ತದೆ.

ಆಲ್ಕೋಹಾಲಿನ ಆವಿಗೆ ಬೆಂಕಿ ತಗಲುವುದು ಸುಲಭ. ಹಾಗಾಗಿ ಗ್ಯಾಸ್ ಜ್ವಾಲೆಗಿಂತ ವಿದ್ಯುತ್ ಹೀಟರ್ ಮೇಲು. ಗಾಳಿಯಾಡುವ ಜಾಗ, ಕೈಗೆಟಕುವ ಅಗ್ನಿಶಾಮಕ, ಆವಿಗೆ ಎಂದೂ ಮುಚ್ಚಿಹೋಗದ ಹೊರದಾರಿ ಇರಲೇಬೇಕು.

ಹುದುಗುವ ರಸಕ್ಕೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಇಳಿದ ಸ್ಪಿರಿಟ್‌ಗೆ ಆಲ್ಕೋಹಾಲ್ ಪ್ರಮಾಣ ತೋರಿಸುವ ಆಲ್ಕೋಹಾಲ್ ಮೀಟರ್: ಒಂದರ ಕೆಲಸ ಇನ್ನೊಂದರಿಂದ ಆಗದು. ಹಿಡಿಯಲು ಒಂದೇ ದೊಡ್ಡ ಪಾತ್ರೆಯ ಬದಲು ಹಲವು ಸಣ್ಣ ಗಾಜಿನ ಜಾಡಿಗಳನ್ನು ಇಟ್ಟುಕೊಳ್ಳಿ. ಮೊದಲು ಬರುವ ಘಾಟು ಭಾಗವನ್ನು ಬೇರ್ಪಡಿಸಿ ಚೆಲ್ಲಲು ಅನುಕೂಲ.