ಗಿಡ ಬೆಳೆಸುವ ಅಕ್ವೇರಿಯಂಗೆ ಯಾವ ಲೈಟು, ಎಷ್ಟು ದೊಡ್ಡ ಫಿಲ್ಟರ್? ಗ್ಯಾಸ್ ಬೇಕೇ ಬೇಕಾ?

60 ಲೀಟರಿನ ಗಾಜಿನ ತೊಟ್ಟಿಯಲ್ಲಿ ಜೀವಂತ ಗಿಡ ಬೆಳೆಸಬೇಕು, ಅದಕ್ಕೆ ಸಿಗುವುದರಲ್ಲೇ ಅತಿ ಪ್ರಖರವಾದ ಲೈಟು ಯಾವುದು, ಫಿಲ್ಟರ್ ಎಷ್ಟು ದೊಡ್ಡದಿರಬೇಕು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಆಗುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಪ್ರಶ್ನೆಯಲ್ಲೇ ನನಗೆ ಆತಂಕ. ಅತಿ ಪ್ರಖರವಾದ ಲೈಟು ದಯವಿಟ್ಟು ತರಬೇಡಿ.

ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಆ ಹಸಿವಿಗೆ ತಕ್ಕಷ್ಟು ಇಂಗಾಲ, ಗೊಬ್ಬರ ನೀರಿನಲ್ಲಿ ಇಲ್ಲದಿದ್ದರೆ ಗಿಡ ಸೊರಗುತ್ತದೆ, ಉಳಿದ ಬೆಳಕೆಲ್ಲ ಪಾಚಿಯ ಪಾಲು. ನನ್ನ ಮೊದಲ ತೊಟ್ಟಿಗೆ ದಿನಕ್ಕೆ 11 ಗಂಟೆ ಲೈಟು ಹಾಕುತ್ತಿದ್ದೆ. ಅನೂಬಿಯಾಸ್ ಎಲೆಗಳ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಔಷಧಿ ಏನೂ ಹಾಕಲಿಲ್ಲ. ಟೈಮರ್ ಕೊಂಡು 6 ಗಂಟೆಗೆ ಇಳಿಸಿದೆ, ಬೆಳಕಿನ ತೀವ್ರತೆಯನ್ನೂ ಅರ್ಧ ಮಾಡಿದೆ. ಮುಂದೆ ಬಂದ ಎಲೆಗಳು ಸ್ವಚ್ಛವಾಗಿ ಬಂದವು. ಹಳೆಯ ಎಲೆಗೆ ಹತ್ತಿದ ಪಾಚಿ ಮಾತ್ರ ಹೋಗಲಿಲ್ಲ, ಅವನ್ನು ಕತ್ತರಿಸಿಯೇ ತೆಗೆಯಬೇಕಾಯಿತು.

ಲೈಟು ಕೊಳ್ಳುವಾಗ ವ್ಯಾಟ್ ನೋಡಬೇಡಿ, ಅದು ತಿನ್ನುವ ಕರೆಂಟಿನ ಲೆಕ್ಕ ಅಷ್ಟೇ. ಲ್ಯೂಮೆನ್ ನೋಡಿ, ಅದು ಹೊರಬರುವ ಬೆಳಕಿನ ಅಳತೆ. ಸುಲಭದ ಗಿಡಗಳಿಗೆ ಲೀಟರಿಗೆ 20 ಲ್ಯೂಮೆನ್ ಆಸುಪಾಸು, ಅಂದರೆ ನಿಮ್ಮ ತೊಟ್ಟಿಗೆ ಸುಮಾರು 1200 ಸಾಕು. ತೊಟ್ಟಿ ತುಂಬ ಆಳವಿದ್ದರೆ ಸ್ವಲ್ಪ ಹೆಚ್ಚು ಬೇಕಾದೀತು. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಗಿಡ ಚೆನ್ನಾಗಿಯೇ ಬೆಳೆಯುತ್ತದೆ, ನೇರಳೆ ಬಣ್ಣದ್ದೇ ಆಗಬೇಕೆಂದಿಲ್ಲ. ಆದರೆ ಡಿಮ್ಮರ್ ಇರುವುದನ್ನೇ ತನ್ನಿ, ಜೊತೆಗೆ ಟೈಮರ್. ಕೈಯಲ್ಲಿ ಸ್ವಿಚ್ ಹಾಕಿ ಆರಿಸುವವರ ತೊಟ್ಟಿಗೆ ಒಂದು ದಿನ 5 ಗಂಟೆ, ಇನ್ನೊಂದು ದಿನ 12 ಗಂಟೆ ಬೆಳಕು ಬೀಳುತ್ತದೆ.

ಫಿಲ್ಟರ್ ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕೈದು ಸಲ ತಿರುಗಿಸಿದರೆ ಸಾಕು. ನಿಮಗೆ 300 ಲೀಟರ್ ಅನ್ನೋಣ. ಆದರೆ ಡಬ್ಬಿಯ ಮೇಲೆ ಬರೆದಿರುವುದು ಒಳಗೆ ಸ್ಪಂಜು, ಕಲ್ಲು ಏನೂ ಇಲ್ಲದಾಗಿನ ವೇಗ. ಸ್ಪಂಜು ತುಂಬಿ, ಮೇಲೆ ಕೊಳೆ ಕೂತಾಗ ಅದು ಬಹಳ ಇಳಿಯುತ್ತದೆ. ಹಾಗಾಗಿ 400–500 ಎಂದು ಬರೆದಿರುವುದನ್ನು ಆರಿಸಿ. ಕೂರಿಸಿದ ಮೇಲೆ ತೊಟ್ಟಿಯ ದೂರದ ಮೂಲೆಯ ಎಲೆಗಳನ್ನು ನೋಡಿ: ಅವು ಮೆಲ್ಲಗೆ ಅಲುಗುತ್ತಿದ್ದರೆ ನೀರು ಅಲ್ಲಿಗೂ ತಲುಪುತ್ತಿದೆ.

ಅದಕ್ಕಿಂತ ಮುಖ್ಯ, ತೊಳೆಯುವ ರೀತಿ. ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ಫಿಲ್ಟರಿನ ಆ ಕಂದು ಬಣ್ಣಕ್ಕೆ ತಿರುಗಿದ ಸ್ಪಂಜಿನಲ್ಲೇ. ಒಮ್ಮೆ ನಾನು ಅದನ್ನು ನಲ್ಲಿ ಕೆಳಗೆ ಹಿಡಿದು ಹೊಸದರಂತೆ ಬೆಳ್ಳಗಾಗುವ ತನಕ ತೊಳೆದೆ. ನಲ್ಲಿ ನೀರಿನಲ್ಲಿದ್ದ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸತ್ತವು. ಎರಡು ದಿನ ಕಳೆಯುವಷ್ಟರಲ್ಲಿ ಮೀನುಗಳು ನೀರಿನ ಮೇಲ್ಗಡೆ ಬಂದು ಬಾಯಿ ತೆರೆಯುತ್ತಿದ್ದವು, ನಾಲ್ಕು ಸತ್ತವು. ಆ ನೋವು ಇನ್ನೂ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಾರದ ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರನ್ನೇ ಒಂದು ಬಕೆಟ್ಟಿನಲ್ಲಿ ಇಟ್ಟುಕೊಂಡು ಸ್ಪಂಜನ್ನು ಅದರಲ್ಲಿ ಎರಡು ಮೂರು ಸಲ ಹಿಂಡಿ, ಸಾಕು. ಎರಡು ಸ್ಪಂಜು ಇದ್ದರೆ ಒಂದು ಸಲಕ್ಕೆ ಒಂದು. ಯಾವಾಗ ತೊಳೆಯಬೇಕೆಂದು ಕ್ಯಾಲೆಂಡರ್ ನೋಡಬೇಡಿ, ನೀರಿನ ಹರಿವು ಕುಗ್ಗಿದಾಗ ತೊಳೆಯಿರಿ. ಸ್ಪಂಜು ಹಿಂಡಿದರೂ ಹರಿವು ಏರದಿದ್ದರೆ ಮೋಟರಿನ ಇಂಪೆಲ್ಲರ್ (ನೀರು ತಳ್ಳುವ ಚಿಕ್ಕ ಚಕ್ರ) ಬಿಚ್ಚಿ ನೋಡಿ. ಅದಕ್ಕೆ ಲೋಳೆ ಸುತ್ತಿರುತ್ತದೆ, ಗಡಸು ನೀರಾದರೆ ಬಿಳಿ ಸುಣ್ಣವೂ ಕಟ್ಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸುಣ್ಣ ಬಿಡದಿದ್ದರೆ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ.

ಇನ್ನು ಗ್ಯಾಸ್, ಅಂದರೆ ಕಾರ್ಬನ್ ಡೈಆಕ್ಸೈಡ್. ಅನೂಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಇಷ್ಟಕ್ಕೆ ಅದು ಬೇಡ. (ಮೊದಲ ಎರಡರ ದಪ್ಪ ಕಾಂಡವನ್ನು ಮರಳಿನಲ್ಲಿ ಹೂಳಬೇಡಿ, ಕೊಳೆಯುತ್ತದೆ, ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ.) ನೆಲಕ್ಕೆ ಹುಲ್ಲಿನಂತೆ ಹರಡುವ ಗಿಡಗಳನ್ನೋ ಕಡುಗೆಂಪು ಗಿಡಗಳನ್ನೋ ಬೆಳೆಸುವ ಆಸೆ ಇದ್ದರೆ ಮಾತ್ರ ಆ ಬಗ್ಗೆ ಯೋಚಿಸಿ. ಸಕ್ಕರೆ, ಯೀಸ್ಟ್ ಹಾಕಿ ಗ್ಯಾಸ್ ತಯಾರಿಸುವ ಬಾಟಲಿಯನ್ನು ನಾನು ಹೇಳುವುದಿಲ್ಲ, ರಾತ್ರಿ ಅದನ್ನು ನಿಲ್ಲಿಸಲು ಬರುವುದಿಲ್ಲ. ಸಿಲಿಂಡರ್, ಸೊಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ವಾಲ್ವ್) ಇರುವ ರೆಗ್ಯುಲೇಟರ್ ಕೊಂಡು ಟೈಮರಿಗೆ ಜೋಡಿಸಿ, ಲೈಟು ಹತ್ತುವ ಒಂದು ಗಂಟೆ ಮೊದಲು ಗ್ಯಾಸ್ ಶುರುವಾಗಲಿ. ನೀರಿನಲ್ಲಿರುವ ಗ್ಯಾಸಿನ ಪ್ರಮಾಣವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್‌ನಲ್ಲಿ 4 ಡಿಗ್ರಿ ಕಾರ್ಬೊನೇಟ್ ಗಡಸಿನ (4 dKH) ದ್ರಾವಣ ಹಾಕಿದರೆ ನೀಲಿ ಎಂದರೆ ಕಡಿಮೆ, ಹಸಿರು ಎಂದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಹಳದಿ ಎಂದರೆ ಅಪಾಯ. ಆದರೆ ಆ ಬಣ್ಣ ಒಂದೆರಡು ಗಂಟೆ ತಡವಾಗಿ ಬದಲಾಗುತ್ತದೆ, ಮೀನುಗಳು ತಕ್ಷಣ ಹೇಳುತ್ತವೆ. ಅವು ಮೇಲೆ ಬಂದು ಏದುಸಿರು ಬಿಟ್ಟರೆ ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ. ಗ್ಯಾಸ್ ಹೆಚ್ಚಿಸಿದ ದಿನ ಮನೆಯಲ್ಲೇ ಇರಿ. ಪೈಪಿನ ನಡುವಿನ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಲು ಬಿಡುವ ವಾಲ್ವ್) ಚಿಕ್ಕದೆಂದು ಬಿಡಬೇಡಿ. ಅದಿಲ್ಲದಿದ್ದರೆ ಗ್ಯಾಸ್ ನಿಂತಾಗ ತೊಟ್ಟಿಯ ನೀರು ಹಿಂದಕ್ಕೆ ಹರಿದು ರೆಗ್ಯುಲೇಟರಿಗೆ ನುಗ್ಗಬಹುದು.

ಹೀಟರ್ ಎಲ್ಲರಿಗೂ ಬೇಕಿಲ್ಲ. ನೀರು 22 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದರೆ ಲೀಟರಿಗೆ 1 ವ್ಯಾಟ್ ಲೆಕ್ಕದಲ್ಲಿ ತನ್ನಿ. ನೀರು ತೆಗೆಯುವ ಕಾಲು ಗಂಟೆ ಮೊದಲೇ ಅದನ್ನು ಆಫ್ ಮಾಡಿ, ಹೀಟರಿನ ಬಿಸಿ ಗಾಜು ಗಾಳಿಗೆ ಬಂದರೆ ಸೀಳಬಹುದು. ಎಲ್ಲ ವೈರುಗಳೂ ಸಾಕೆಟ್ಟಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗಲಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಸೇರುವುದಿಲ್ಲ.

ಲೈಟು, ಟೈಮರ್, ಫಿಲ್ಟರ್ ಇಷ್ಟನ್ನು ಮಾತ್ರ ಈಗ ತನ್ನಿ. ಗಿಡ ನೆಟ್ಟು ಫಿಲ್ಟರ್ ಓಡಲು ಬಿಡಿ, ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಮೀನು ಬಿಡಬೇಡಿ. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಈ ನಡುವೆ ಕ್ರಿಪ್ಟೊಕೊರೈನ್ ಎಲೆಗಳು ಕರಗಿ ಲೋಳೆಯಾದಾವು. ಲೈಟು ಸಾಲಲಿಲ್ಲವೆಂದು ಇನ್ನೊಂದು ತರಲು ಓಡಬೇಡಿ, ಗಿಡವನ್ನು ಕೀಳಲೂ ಬೇಡಿ. ಕರಗಿದ ಎಲೆಗಳನ್ನಷ್ಟೇ ತೆಗೆದುಹಾಕಿ. ಬೇರು ಗಟ್ಟಿಯಿದ್ದರೆ ಹೊಸ ಎಲೆ ಅಲ್ಲಿಂದಲೇ ಬರುತ್ತದೆ.